ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ಲಾಕ್‌ಡೌನ್‌ನಲ್ಲಿ ಮರಳಿ ಬಂದ ತೂಕ: ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನೇಕರು 2020 ಮತ್ತು 2021ರ ಲಾಕ್‌ಡೌನ್ ತಿಂಗಳುಗಳಲ್ಲಿ ಮತ್ತೆ ದಪ್ಪಗಾದರು. ಆಗ ಏರಿದ ತೂಕವನ್ನು ಇಂದಿಗೂ ಇಳಿಸಲಾಗದೆ ಒದ್ದಾಡುತ್ತಿರುವವರೂ ಇದ್ದಾರೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯವರಿಗೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನವರಿಗೆ ಈ ತೊಂದರೆಯ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆ ಸಾಮಾನ್ಯವಾಗಿ ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಗೋವಾ ಅಥವಾ ಬೆಂಗಳೂರಿನಲ್ಲಿರುತ್ತದೆ. ಸಾಲದ್ದಕ್ಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಸರ್ಕಾರಿ ಆದೇಶವೂ ಇಲ್ಲದೆ ಮಳೆಯೇ ನಮ್ಮನ್ನು ಮನೆಯೊಳಗೆ ಕೂರಿಸುತ್ತದೆ. ಆದ್ದರಿಂದ ಮುಂದೆ ಹೇಳುವ ಕ್ರಮಗಳು ಲಾಕ್‌ಡೌನ್‌ನಲ್ಲಿ ಬಂದ ತೂಕಕ್ಕೆ ಎಷ್ಟು ಅನ್ವಯಿಸುತ್ತವೆಯೋ, ಪ್ರತಿ ಮಳೆಗಾಲಕ್ಕೂ ಅಷ್ಟೇ ಅನ್ವಯಿಸುತ್ತವೆ. ಇವನ್ನು ನಿಮ್ಮ ಶಸ್ತ್ರಚಿಕಿತ್ಸಕರ ಸಲಹೆಯ ಜೊತೆಗೆ ಇಟ್ಟುಕೊಂಡು ಓದಬೇಕು. ಅವರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಬೇಕು.

ಮೊದಲ ಹೆಜ್ಜೆ: ಏರಿದ್ದು ಎಷ್ಟು ಎಂದು ಲೆಕ್ಕ ಹಾಕಿ

ಶಸ್ತ್ರಚಿಕಿತ್ಸೆಯ ದಿನದ ತೂಕ, ಆನಂತರ ತಲುಪಿದ ಅತಿ ಕಡಿಮೆ ತೂಕ ಮತ್ತು ಇಂದಿನ ತೂಕ, ಈ ಮೂರನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. 120 ಕಿಲೋ ಇದ್ದವರು 80ಕ್ಕೆ ಇಳಿದು ಈಗ 90ಕ್ಕೆ ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಕಳೆದುಕೊಂಡದ್ದು 40 ಕಿಲೋ, ಮರಳಿದ್ದು 10 ಕಿಲೋ, ಎಂದರೆ ಇಳಿದಿದ್ದರ ಕಾಲು ಭಾಗ. ಇದೇ ವ್ಯಕ್ತಿ 83 ಅಥವಾ 84ರಲ್ಲಿ ನಿಂತಿದ್ದರೆ ಗಾಬರಿಪಡುವ ಕಾರಣವಿರಲಿಲ್ಲ. ತೂಕ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ತನ್ನ ಕನಿಷ್ಠ ಮಟ್ಟ ಮುಟ್ಟಿ, ಆಮೇಲೆ ತುಸು ಏರಿ ನಿಲ್ಲುವುದು ಈ ಚಿಕಿತ್ಸೆಯ ಸಹಜ ಗತಿ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಾವಧಿ ಅಧ್ಯಯನದಲ್ಲಿ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಆದವರ ಸರಾಸರಿ ಇಳಿಕೆ ಮೊದಲ ಒಂದೆರಡು ವರ್ಷಗಳಲ್ಲಿ ದೇಹತೂಕದ ಶೇಕಡಾ 32ರಷ್ಟಿದ್ದು, ಹತ್ತು ವರ್ಷಗಳ ಹೊತ್ತಿಗೆ ಶೇಕಡಾ 25ಕ್ಕೆ ಬಂದಿತ್ತು. ಕೋವಿಡ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲಿನ ಸಂಗತಿ ಇದು. ಮರಳಿದ ಪ್ರತಿ ಕಿಲೋವನ್ನೂ ಲಾಕ್‌ಡೌನ್ ಲೆಕ್ಕಕ್ಕಾಗಲಿ, ನಿಮ್ಮ ತಪ್ಪಿನ ಲೆಕ್ಕಕ್ಕಾಗಲಿ ಬರೆಯಬೇಕಾಗಿಲ್ಲ.

ತೂಕದ ಜೊತೆಗೆ ಇನ್ನೂ ಒಂದು ಸಾಲು ಸೇರಿಸಿ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಗಟ್ಟುವುದು, ಮಂಡಿನೋವು ಇವುಗಳಲ್ಲಿ ಯಾವುದು ಮರಳಿದೆ? ಮೂರು ಕಿಲೋ ಏರಿ ಸಕ್ಕರೆಯೂ ಏರಿದ್ದರೆ, ಎಂಟು ಕಿಲೋ ಏರಿ ಉಳಿದೆಲ್ಲ ಸರಿಯಿರುವವರಿಗಿಂತ ನಿಮಗೆ ಅವಸರ ಹೆಚ್ಚು.

ಎರಡನೆಯದು: ಏನಾಯಿತು ಎಂದು ತಿಳಿದುಕೊಳ್ಳಿ

ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಅದರೊಂದಿಗೆ ಹೋಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ತೃಪ್ತಿಯ ಸಂದೇಶ ಒಯ್ಯುವ ಕರುಳಿನ ಹಾರ್ಮೋನುಗಳು ಹೆಚ್ಚುತ್ತವೆ. ಆದರೆ ಇವೆಲ್ಲ ಮಿತಿ ಹಾಕುವುದು ಒಂದು ಸಲಕ್ಕೆ ಎಷ್ಟು ತಿನ್ನಬಹುದು ಎಂಬುದಕ್ಕೆ. ದಿನಕ್ಕೆ ಎಷ್ಟು ಸಲ ಎಂಬುದಕ್ಕೆ ಶಸ್ತ್ರಚಿಕಿತ್ಸೆಯಲ್ಲಿ ಯಾವ ತಡೆಯೂ ಇಲ್ಲ. ಆ ತಡೆಯನ್ನು ಹಾಕುತ್ತಿದ್ದದ್ದು ದಿನಚರಿ: ಕಚೇರಿ, ಶಾಲೆ, ಬಸ್ಸಿನ ಸಮಯ, ಪೇಟೆಗೆ ಹೋಗಿಬರುವ ಕೆಲಸ.

2020ರ ಮಾರ್ಚ್ 25ರಂದು ಆ ದಿನಚರಿ ಒಂದೇ ಏಟಿಗೆ ನಿಂತಿತು. ನಮ್ಮ ಜಿಲ್ಲೆಯಲ್ಲಿ ಅದು ನಿಂತ ಕಾಲವೂ ತಿನ್ನುವುದಕ್ಕೆ ಹೇಳಿಮಾಡಿಸಿದಂತಿತ್ತು. ಏಪ್ರಿಲ್–ಮೇ ಎಂದರೆ ಹಲಸು, ಮಾವು, ಗೇರಿನ ಕಾಲ. ಘಟ್ಟದ ಮೇಲಿನ ಮನೆಗಳಲ್ಲಿ ಹಪ್ಪಳ ಒತ್ತಿ ಅಂಗಳದಲ್ಲಿ ಒಣಗಿಸುವ ಕಾಲ. ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬಂದು ಮನೆ ತುಂಬಿತ್ತು, ಒಲೆ ಆರುತ್ತಿರಲಿಲ್ಲ. ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ಕಷಾಯದ ಪಾತ್ರೆ ದಿನಕ್ಕೆ ನಾಲ್ಕು ಸಲ ಕುದಿಯಿತು. ಆಯುಷ್ ಸಚಿವಾಲಯದ ಸಲಹೆಯಲ್ಲಿ ಕಷಾಯ ದಿನಕ್ಕೆ ಒಂದೆರಡು ಬಾರಿ, ಬೆಲ್ಲ ಬೇಕಿದ್ದರೆ ರುಚಿಗಷ್ಟು ಎಂದಿತ್ತು. ನಮ್ಮ ಕಡೆ ಹಾಲು, ಬೆಲ್ಲ ಎರಡನ್ನೂ ಧಾರಾಳವಾಗಿ ಹಾಕದ ಕಷಾಯವನ್ನು ಯಾರೂ ಕಷಾಯವೆಂದು ಒಪ್ಪುವುದಿಲ್ಲ. ಇದೇ ಹೊತ್ತಿನಲ್ಲಿ ಆಸ್ಪತ್ರೆಗಳು ತುರ್ತಲ್ಲದ ಭೇಟಿಗಳನ್ನು ಮುಂದೂಡಿದವು, ಜಿಲ್ಲೆಯ ಮತ್ತು ಗೋವಾದ ಗಡಿಗಳು ಮುಚ್ಚಿದವು, ಮಾಜಾಳಿ ದಾಟಿ ಹೋಗಬೇಕಾದ ಮರುತಪಾಸಣೆ ತಪ್ಪಿತು, ವಿಟಮಿನ್ ಮಾತ್ರೆ ಮುಗಿದಾಗ ಮತ್ತೆ ತರಿಸಲಿಲ್ಲ.

ದಿನಕ್ಕೆ 200 ಕ್ಯಾಲೊರಿ ಹೆಚ್ಚಾದರೆ ತಿಂಗಳಿಗೆ ಸುಮಾರು ಮುಕ್ಕಾಲು ಕಿಲೋ ಕೊಬ್ಬಿಗೆ ಸಮನಾಗುತ್ತದೆ. ಅದಕ್ಕೆ ಒಂದು ಹಿಡಿ ಗೇರುಬೀಜ, ಬೆಲ್ಲದ ಒಂದು ಲೋಟ ಕಷಾಯ ಸಾಕು. ಇವು ಊಟದ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ, ‘ನಾನೇನೂ ಹೆಚ್ಚು ತಿನ್ನುತ್ತಿಲ್ಲ’ ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ.

ಹಾಗೆಂದು ಎಲ್ಲವೂ ಬಾಯಿಂದಲೇ ಬಂದದ್ದಲ್ಲ. ಕೋವಿಡ್ ಚಿಕಿತ್ಸೆಯಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಪಡೆದವರಿಗೆ ಹಸಿವೂ ಸಕ್ಕರೆಯೂ ಏರಿರಬಹುದು. ಇನ್ಸುಲಿನ್, ಮಧುಮೇಹದ ಕೆಲವು ಮಾತ್ರೆ, ಖಿನ್ನತೆ ಮತ್ತು ಮೂರ್ಛೆರೋಗದ ಕೆಲವು ಔಷಧಿ, ಥೈರಾಯ್ಡ್ ಕೊರತೆ ಇವೂ ತೂಕ ಹೆಚ್ಚಿಸುತ್ತವೆ. 2020ರ ನಂತರ ಶುರುವಾದ ಪ್ರತಿಯೊಂದು ಔಷಧಿಯ ಹೆಸರನ್ನೂ ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ. ಆದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮೂರನೆಯದು: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ಬಾಯಿಗೆ ಹೋದ ಪ್ರತಿಯೊಂದನ್ನೂ ಗಂಟೆಯ ಸಮೇತ ಒಂದು ವಾರ ಬರೆಯಿರಿ. ಕ್ಯಾಲೊರಿ ಎಣಿಸುವ ಆ್ಯಪ್ ಬೇಡ, ಅದರಲ್ಲಿ ತೊಡದೇವೂ ಸಿಗುವುದಿಲ್ಲ, ಬಿರಿಂಡೆ ಪಾನಕವೂ ಸಿಗುವುದಿಲ್ಲ. ಅಂಗಡಿಯ ಉದ್ದ ಪುಸ್ತಕ ಸಾಕು. ಹಸಿವಾಗಿ ತಿಂದದ್ದಕ್ಕೆ ಒಂದು ಗುರುತು, ಬೇಸರಕ್ಕೋ ಒತ್ತಾಯಕ್ಕೋ ಕೈಗೆ ಸಿಕ್ಕಿತೆಂದೋ ತಿಂದದ್ದಕ್ಕೆ ಇನ್ನೊಂದು ಗುರುತು ಹಾಕಿ. ವಾರದ ಕೊನೆಗೆ ಎರಡನೇ ಗುರುತುಗಳು ಯಾವ ಗಂಟೆಗಳಲ್ಲಿ ಗುಂಪಾಗಿವೆ ಎಂದು ನೋಡಿದರೆ, ನಿಮ್ಮ ತೂಕ ಎಲ್ಲಿಂದ ಬಂತು ಎಂಬುದಕ್ಕೆ ಬಹುಪಾಲು ಉತ್ತರ ಅಲ್ಲೇ ಇರುತ್ತದೆ. ಸಂಜೆ ನಾಲ್ಕರಿಂದ ಏಳರವರೆಗಿನ ಹೊತ್ತನ್ನು ವಿಶೇಷವಾಗಿ ಗಮನಿಸಿ.

ನಾಲ್ಕನೆಯದು: ಗಡಿಯಾರವನ್ನು ಮರಳಿ ತನ್ನಿ

ಈ ಹೆಜ್ಜೆಗೇ ನಾನು ಹೆಚ್ಚು ತೂಕ ಕೊಡುತ್ತೇನೆ. ಏನು ತಿನ್ನಬೇಕು ಎಂಬ ಚರ್ಚೆಗೆ ಇಳಿಯುವ ಮೊದಲು ಯಾವಾಗ ತಿನ್ನಬೇಕು ಎಂಬುದು ತೀರ್ಮಾನವಾಗಬೇಕು. ಮೂರು ಊಟ, ವೈದ್ಯರು ಹೇಳಿದ್ದರೆ ಒಂದು ಅಥವಾ ಎರಡು ಚಿಕ್ಕ ಉಪಾಹಾರ, ಅವುಗಳ ನಡುವೆ ನೀರು, ತೆಳು ಮಜ್ಜಿಗೆಯಂಥ ಸಿಹಿಯಿಲ್ಲದ ದ್ರವ ಬಿಟ್ಟು ಏನೂ ಇಲ್ಲ ಎಂದು ಗೊತ್ತು ಮಾಡಿ, ಆ ಗಂಟೆಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಮನೆಮಂದಿಗೂ ಗೊತ್ತಿರಲಿ. ನಮ್ಮಲ್ಲಿ ಬಂದವರಿಗೆ ಆಸರಿ ಕೊಡದೆ ಕಳಿಸುವುದಿಲ್ಲ, ಕೊಟ್ಟದ್ದನ್ನು ಬೇಡವೆನ್ನುವುದು ಮರ್ಯಾದೆಯೂ ಅಲ್ಲ. ಹೀಗಾಗಿ ‘ಡಾಕ್ಟರು ಹೇಳಿದ ಹೊತ್ತಿಗೇ ತಿನ್ನಬೇಕು’ ಎಂಬ ಮಾತು ‘ಡಯಟ್ ಮಾಡುತ್ತಿದ್ದೇನೆ’ ಎಂಬುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬಿಸಿನೀರು ಅಥವಾ ಬೆಲ್ಲ ಹಾಕದ ತೆಳು ಮಜ್ಜಿಗೆ ಕೇಳಿದರೆ ಯಾರಿಗೂ ಬೇಸರವಾಗುವುದಿಲ್ಲ.

ಪ್ರತಿ ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಕೊಡಿ. ಗಬಗಬನೆ ನುಂಗಿದರೆ ಎದೆ ಒತ್ತಿಬರುತ್ತದೆ, ವಾಂತಿಯಾಗುತ್ತದೆ. ಗಂಟೆಗಟ್ಟಲೆ ಕೂತರೆ ಮೊದಲ ತುತ್ತುಗಳು ಇಳಿದು ಹೊಸದಕ್ಕೆ ಜಾಗವಾಗುತ್ತದೆ. ಅರ್ಧ ಗಂಟೆ ಮುಗಿದಾಗ ತಟ್ಟೆಯಲ್ಲಿ ಉಳಿದಿದ್ದರೆ ಎತ್ತಿಡಿ. ಅನ್ನ ಚೆಲ್ಲಬಾರದು ಎಂಬ ಸಂಸ್ಕಾರ ಒಳ್ಳೆಯದೇ. ಬಡಿಸಿಕೊಳ್ಳುವಾಗಲೇ ಚಿಕ್ಕ ತಟ್ಟೆ ಹಿಡಿದರೆ ಆ ಸಂಸ್ಕಾರಕ್ಕೂ ಭಂಗ ಬರುವುದಿಲ್ಲ.

ಊಟದ ಜೊತೆ ದ್ರವ ಬೇಡ, ಮುಗಿದ ಮೇಲೂ ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂದು ಎಲ್ಲ ಆಸ್ಪತ್ರೆಗಳಲ್ಲೂ ಹೇಳಿರುತ್ತಾರೆ. ಇದನ್ನು ನಮ್ಮವರು ನೀರಿಗೆ ಮಾತ್ರ ಅನ್ವಯಿಸಿಕೊಳ್ಳುತ್ತಾರೆ. ಅನ್ನಕ್ಕೆ ತಂಬುಳಿ ಸುರಿದುಕೊಂಡು, ನಡುವೆ ಅಪ್ಪೆಹುಳಿ ಕುಡಿದು, ಕೊನೆಗೆ ಮಜ್ಜಿಗೆ ಅನ್ನ ಉಣ್ಣುವ ಪದ್ಧತಿಯಲ್ಲಿ ಊಟವೇ ಅರ್ಧ ದ್ರವ. ಕರಾವಳಿಯ ಕುಚ್ಚಲಕ್ಕಿ ಗಂಜಿಯೂ ಹಾಗೆಯೇ. ಹೀಗೆ ತೆಳುವಾದದ್ದು ಚಿಕ್ಕ ಜಠರದಲ್ಲಿ ನಿಲ್ಲುವುದಿಲ್ಲ, ಬೇಗ ಇಳಿದು ಎರಡೇ ಗಂಟೆಯಲ್ಲಿ ಮತ್ತೆ ಹಸಿವಾಗುತ್ತದೆ. ತಂಬುಳಿಯನ್ನು ಬಿಡಬೇಕಾಗಿಲ್ಲ; ಒಂದೆಲಗವೋ ದಾಳಿಂಬೆ ಸಿಪ್ಪೆಯೋ ಹಾಕಿದ ತಂಬುಳಿಯಂಥ ಹಗುರ ಪಾನೀಯ ಬೇರೆಲ್ಲಿ ಸಿಗುತ್ತದೆ? ಅದನ್ನು ಊಟಗಳ ನಡುವಿನ ಹೊತ್ತಿಗೆ ಸರಿಸಿ, ಊಟಕ್ಕೆ ಗಟ್ಟಿಯಾದದ್ದನ್ನೇ ಇಟ್ಟುಕೊಳ್ಳಿ. ದಿನದ ಒಟ್ಟು ದ್ರವ ಒಂದೂವರೆ ಲೀಟರಿಗಿಂತ ಕಡಿಮೆಯಾಗದಂತೆ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಕರಾವಳಿಯ ಬೇಸಿಗೆಯ ಬೆವರಿಗೆ ಇನ್ನೂ ಹೆಚ್ಚು ಬೇಕು.

ಐದನೆಯದು: ಮೊದಲ ತುತ್ತು ಪ್ರೋಟೀನಿನದಾಗಲಿ

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಎಂಬುದು ಸಾಮಾನ್ಯ ಗುರಿ. ಅದು ಸಿಗದಿದ್ದರೆ ತೂಕ ಇಳಿಯುವಾಗ ಸ್ನಾಯು ಕರಗುತ್ತದೆ, ಸ್ನಾಯು ಕರಗಿದಷ್ಟೂ ದೇಹ ಸುಡುವ ಶಕ್ತಿ ಕಡಿಮೆಯಾಗುತ್ತದೆ, ಆಮೇಲೆ ಕಡಿಮೆ ತಿಂದರೂ ತೂಕ ನಿಲ್ಲುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ಗುರಿಯನ್ನು ವೈದ್ಯರೊಂದಿಗೆ ಗೊತ್ತು ಮಾಡಿಕೊಳ್ಳಬೇಕು.

ಮೀನು ತಿನ್ನುವ ಮನೆಗಳಿಗೆ ಇದು ಕಷ್ಟವೇ ಅಲ್ಲ. 100 ಗ್ರಾಂ ಬಂಗಡೆ ಅಥವಾ ತಾರ್ಲೆಯಲ್ಲಿ 20 ಗ್ರಾಂನ ಆಸುಪಾಸು ಪ್ರೋಟೀನ್ ಇರುತ್ತದೆ, ಸಿಗಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಮತ್ತು ರಾತ್ರಿ ನೂರು ನೂರು ಗ್ರಾಂ ಮೀನು, ಒಂದು ಲೋಟ ಹಾಲು ಎಂದರೆ 60ರ ಹತ್ತಿರ ಬಂದಿರುತ್ತೀರಿ. ತೊಂದರೆ ಇರುವುದು ಮೀನಿನ ಸುತ್ತಲಿನದರಲ್ಲಿ. ದಪ್ಪ ತೆಂಗಿನಕಾಯಿ ಮಸಾಲೆಯ ‘ಆಸೆ’ ಎಂಬ ಸಾರು ಮತ್ತು ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸಿದ ಫ್ರೈ, ಇವೆರಡರಲ್ಲಿ ಮೀನಿಗಿಂತ ಹೆಚ್ಚು ಕ್ಯಾಲೊರಿ ಇರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120, ನೂರು ಗ್ರಾಂ ಹಸಿ ತೆಂಗಿನಕಾಯಿಗೆ ಸುಮಾರು 350 ಕ್ಯಾಲೊರಿ. ಹೋಳನ್ನು ಎತ್ತಿಕೊಂಡು ರಸವನ್ನು ಎರಡು ಚಮಚಕ್ಕೆ ನಿಲ್ಲಿಸುವುದು, ಕಾವಲಿಯಲ್ಲಿ ಒಂದು ಚಮಚ ಎಣ್ಣೆಗೆ ಮೀನು ಬೇಯಿಸುವುದು ಅಭ್ಯಾಸವಾಗಬೇಕು. ಜೂನ್ ಮತ್ತು ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ತಾಜಾ ಮೀನು ತುಟ್ಟಿಯಾಗುತ್ತದೆ. ಆಗ ಪ್ರೋಟೀನ್ ಇಳಿದು ಅನ್ನ ಏರುವುದು ನಮ್ಮ ಕರಾವಳಿಯ ವಾರ್ಷಿಕ ಕ್ರಮ. ಆ ಎರಡು ತಿಂಗಳಿಗೆ ಮೊಟ್ಟೆ, ಹೆಸರುಕಾಳು, ಹುರಿಗಡಲೆಯನ್ನು ಮೊದಲೇ ತಂದಿಡಬೇಕು. ಒಣಮೀನು ಬಳಸುವವರು ಚೆನ್ನಾಗಿ ನೆನೆಸಿ ಉಪ್ಪು ಬಿಡಿಸಿ ಬಳಸಬಹುದು, ರಕ್ತದೊತ್ತಡ ಇರುವವರಿಗೆ ಅದೂ ಬೇಡ.

ಸಸ್ಯಾಹಾರಿಗಳಿಗೆ ಲೆಕ್ಕ ಬಿಗಿಯಾಗಿದೆ. ಸಾರಿನ ತಿಳಿಯಲ್ಲಿ ಬೇಳೆ ಇರುವುದಿಲ್ಲ. ಗಟ್ಟಿಯಾಗಿ ಬೇಯಿಸಿದ ಒಂದು ಬಟ್ಟಲು ತೊವ್ವೆಯಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಸಿಕ್ಕೀತು. ದಿನಕ್ಕೆ ಎರಡು ಬಟ್ಟಲು ತೊವ್ವೆ, 50 ಗ್ರಾಂ ಪನೀರ್, 30 ಗ್ರಾಂ ಒಣ ಸೋಯಾ ಚೂರು, ಒಂದು ಲೋಟ ಹಾಲು, ಒಂದು ದೊಡ್ಡ ಬಟ್ಟಲು ಮೊಸರು, ಒಂದು ಹಿಡಿ ಹುರಿಗಡಲೆ ಎಲ್ಲ ಸೇರಿದರೂ 55ರ ಹತ್ತಿರ ನಿಲ್ಲುತ್ತದೆ. ಚಿಕ್ಕ ಜಠರಕ್ಕೆ ಇಷ್ಟನ್ನೂ ಇಳಿಸುವುದೇ ದೊಡ್ಡ ಕೆಲಸ. ಹೀಗಾಗಿ ಸಸ್ಯಾಹಾರಿಗಳು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನು ಜಿಮ್ ಹುಡುಗರ ವಸ್ತು ಎಂದು ತಳ್ಳಿಹಾಕುವುದು ಸರಿಯಲ್ಲ. ಸಕ್ಕರೆ ಸೇರಿಸದ ಪುಡಿಯ ಒಂದು ಅಳತೆ 20 ಗ್ರಾಂಗಿಂತ ತುಸು ಹೆಚ್ಚೇ ಕೊಡುತ್ತದೆ.

ಕ್ರಮ ಹೀಗಿರಲಿ: ತಟ್ಟೆಯಲ್ಲಿ ಮೊದಲು ಮೀನು, ಮೊಟ್ಟೆ ಅಥವಾ ಬೇಳೆ, ಆಮೇಲೆ ಪಲ್ಯ, ಜಾಗವಿದ್ದರೆ ಕೊನೆಗೆ ಅನ್ನ. ಬಾಳೆಲೆಯ ನಡುವೆ ಅನ್ನದ ರಾಶಿ ಹಾಕಿ ಉಳಿದದ್ದನ್ನು ಸುತ್ತ ಬಡಿಸುವ ನಮ್ಮ ವಾಡಿಕೆಗೆ ಇದು ತಲೆಕೆಳಗು ಎಂಬುದು ನಿಜ.

ಆರನೆಯದು: ಸಲೀಸಾಗಿ ಇಳಿಯುವುದನ್ನು ಕೈಗೆ ಸಿಗದಂತೆ ಮಾಡಿ

ಚಪಾತಿ, ಕೋಳಿ ಮಾಂಸ ಗಂಟಲಲ್ಲಿ ನಿಲ್ಲುವಂತಾಗುವ ಜಠರಕ್ಕೆ ಹಲಸಿನ ಚಿಪ್ಸ್, ಹಪ್ಪಳ, ಬಿಸ್ಕತ್ತು, ಐಸ್‌ಕ್ರೀಮ್, ಪಾನಕ ಎಷ್ಟಾದರೂ ಇಳಿಯುತ್ತವೆ. ಗರಿಗರಿಯಾದದ್ದು ಬಾಯಲ್ಲೇ ಪುಡಿಯಾಗಿ, ಸಿಹಿಯಾದದ್ದು ಕರಗಿ, ಯಾವ ತಡೆಯೂ ಇಲ್ಲದೆ ಜಾರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ತೂಕ ಮರಳಿದವರ ದಿನದ ಪುಸ್ತಕದಲ್ಲಿ ಕಾಣುವುದು ಬಹುಪಾಲು ಇವೇ. ಎಣ್ಣೆಯಲ್ಲಿ ಕರಿದ ಚಿಪ್ಸ್ ನೂರು ಗ್ರಾಂಗೆ 500 ಕ್ಯಾಲೊರಿ ದಾಟುತ್ತದೆ. ತೊಡದೇವು, ಜೋನಿಬೆಲ್ಲ ಸವರಿದ ದೋಸೆ, ಹಲಸಿನ ಹಣ್ಣಿನ ಕಡುಬು ಇವೆಲ್ಲ ವರ್ಷಕ್ಕೊಮ್ಮೆ ಬರುವವು, ಅವನ್ನು ಶಾಶ್ವತವಾಗಿ ನಿಷೇಧಿಸಿದರೆ ಯೋಜನೆಯೇ ಮುರಿಯುತ್ತದೆ. ಊಟದ ಹೊತ್ತಿಗೆ, ಪ್ರೋಟೀನ್ ಆದ ಮೇಲೆ, ಒಂದು ತುಂಡು ಎಂದು ಗೆರೆ ಎಳೆಯಿರಿ. ಡಬ್ಬ ಮಾತ್ರ ಜಗುಲಿಯಿಂದ, ಟಿವಿಯ ಹತ್ತಿರದಿಂದ ಮಾಯವಾಗಿ ಅಟ್ಟ ಸೇರಲಿ. ಹಪ್ಪಳವನ್ನು ಕೆಂಡದ ಮೇಲೋ ಒಲೆಯ ಮೇಲೋ ಸುಟ್ಟರೆ ಎಣ್ಣೆಯ ಕ್ಯಾಲೊರಿ ತಪ್ಪುತ್ತದೆ. ಮಾವಿನ ಹಣ್ಣನ್ನು ಹೋಳಾಗಿ ತಿನ್ನಿ, ಸೀಕರಣೆ ಮಾಡಿ ಕುಡಿಯಬೇಡಿ.

ಬೈಪಾಸ್ ಆದವರು ಇನ್ನೊಂದನ್ನು ತಿಳಿದಿರಬೇಕು. ಸಿಹಿ ತಿಂದ ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ತಲೆಸುತ್ತು, ವಿಪರೀತ ಹಸಿವು ಬಂದರೆ ಅದು ರಕ್ತದ ಸಕ್ಕರೆ ಏರಿ ಕುಸಿದ ಲಕ್ಷಣವಿರಬಹುದು. ಆಗ ಸುಧಾರಿಸಿಕೊಳ್ಳಲು ಮತ್ತೆ ಬೆಲ್ಲ ಬಾಯಿಗೆ ಹಾಕಿಕೊಂಡು, ಮತ್ತೆ ಕುಸಿದು, ದಿನವಿಡೀ ತಿನ್ನುತ್ತಲೇ ಇರುವವರಿದ್ದಾರೆ. ಈ ಚಕ್ರವನ್ನು ಮುರಿಯುವುದು ಪ್ರೋಟೀನ್ ಮುಂದಿಟ್ಟ ಚಿಕ್ಕ ಊಟ. ಪದೇ ಪದೇ ಆದರೆ, ಎಚ್ಚರ ತಪ್ಪುವಂತಾದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಇದೇ ಕಾರಣಕ್ಕೆ, ಬೈಪಾಸ್ ಆಗಿರುವ ಗರ್ಭಿಣಿಗೆ ಸಾಮಾನ್ಯವಾಗಿ ಮಾಡುವ ಗ್ಲೂಕೋಸ್ ಕುಡಿಸುವ ಪರೀಕ್ಷೆ ಸರಿಹೊಂದುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗ್ಲೂಕೋಸ್ ನೀರಿನ ಲೋಟ ಕೊಡುವ ಮೊದಲೇ ಶಸ್ತ್ರಚಿಕಿತ್ಸೆಯ ವಿಷಯ ಹೇಳಿಬಿಡಿ.

ಐದು ದಿನ ಬರೀ ದ್ರವ ಕುಡಿದು ಜಠರವನ್ನು ಮೊದಲಿನಂತೆ ಚಿಕ್ಕದು ಮಾಡಬಹುದು ಎಂಬ ವಿಡಿಯೊಗಳು ಹರಿದಾಡುತ್ತವೆ. ಹಿಗ್ಗಿದ ಜಠರ ಅದರಿಂದ ಕುಗ್ಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆರನೇ ದಿನದ ಹಸಿವಿಗೆ ಮಾತ್ರ ಖಾತ್ರಿಯಿದೆ.

ಏಳನೆಯದು: ನಿಂತುಹೋದ ಮಾತ್ರೆ ಮತ್ತು ರಕ್ತ ಪರೀಕ್ಷೆ

ತೂಕ ಹೆಚ್ಚಿದೆ ಎಂದಾಕ್ಷಣ ಪೋಷಣೆ ಸಾಕಷ್ಟಿದೆ ಎಂದು ಅರ್ಥವಲ್ಲ. ದಪ್ಪಗಾಗುತ್ತಲೇ ರಕ್ತಹೀನತೆಗೆ ಇಳಿದವರುಂಟು. ಲಾಕ್‌ಡೌನ್‌ನಲ್ಲಿ ನಿಂತ ಮಾತ್ರೆಗಳು ಹಲವರಲ್ಲಿ ಇನ್ನೂ ಶುರುವಾಗಿಲ್ಲ. ಸಾಮಾನ್ಯವಾಗಿ ಬೇಕಾಗುವುದು ದಿನವೂ ಬಹುವಿಟಮಿನ್, ಆಹಾರದ್ದೂ ಸೇರಿ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ (ಮಾತ್ರೆ ಸಿಟ್ರೇಟ್ ರೂಪದ್ದು), ವಿಟಮಿನ್ ಡಿ, ಕಬ್ಬಿಣಾಂಶ, ಬಿ12 ಮಾತ್ರೆ ಅಥವಾ ತಿಂಗಳಿಗೊಂದು ಚುಚ್ಚುಮದ್ದು. ಮುಟ್ಟಾಗುವ ಮಹಿಳೆಯರಿಗೆ ಮತ್ತು ಬೈಪಾಸ್ ಆದವರಿಗೆ ಕಬ್ಬಿಣಾಂಶ ದಿನಕ್ಕೆ 45ರಿಂದ 60 ಮಿಲಿಗ್ರಾಂ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ, ಜೊತೆಯಾದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ನಿಮ್ಮ ನಿಖರ ಪ್ರಮಾಣವನ್ನು ವೈದ್ಯರು ಪರೀಕ್ಷೆ ನೋಡಿ ಹೇಳಬೇಕು.

ಪರೀಕ್ಷೆಗಳು ಇವು: ರಕ್ತಕಣಗಳ ಎಣಿಕೆ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಥೈರಾಯ್ಡ್, ಯಕೃತ್ತು ಮತ್ತು ಮೂತ್ರಪಿಂಡ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ. ಇವಕ್ಕಾಗಿ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ಸಾಮಾನ್ಯ ಪರೀಕ್ಷೆಗಳು ತಾಲೂಕು ಆಸ್ಪತ್ರೆಯಲ್ಲೇ ಆಗುತ್ತವೆ, ಉಳಿದವಕ್ಕೆ ಶಿರಸಿ, ಕುಮಟಾ, ಕಾರವಾರದ ಖಾಸಗಿ ಪ್ರಯೋಗಾಲಯಗಳಿವೆ.

ಎಂಟನೆಯದು: ಮಳೆಯಲ್ಲೂ ನಿಲ್ಲದ ನಡಿಗೆ

ವಾರಕ್ಕೆ 150 ನಿಮಿಷದಿಂದ ಆರಂಭಿಸಿ 300ರ ಕಡೆಗೆ ಸಾಗುವುದು ಗುರಿ. ಕಾರವಾರದವರಿಗೆ ಟಾಗೋರ್ ಕಡಲತೀರವಿದೆ, ಮೆತ್ತನೆಯ ಮರಳಿನ ಮೇಲೆ ನಡೆಯುವುದು ಡಾಂಬರಿಗಿಂತ ಹೆಚ್ಚು ದಣಿಸುತ್ತದೆ. ಮಂಡಿನೋವು ಇರುವವರು ಅಲೆ ತೋಯಿಸಿದ ಗಟ್ಟಿ ಮರಳಿನ ಮೇಲೆ ನಡೆದರೆ ಒಳ್ಳೆಯದು. ಘಟ್ಟದ ಮೇಲೆ ತೋಟಕ್ಕೆ ಇಳಿದು ಹತ್ತುವುದೇ ಸಾಕಷ್ಟು ವ್ಯಾಯಾಮ, ದಿನವೂ ಇಳಿದರೆ. ಮಳೆಗಾಲದಲ್ಲಿ ಉದ್ದ ಜಗುಲಿಯಲ್ಲಿ ಹತ್ತು ಹತ್ತು ನಿಮಿಷದ ಮೂರು ಸುತ್ತು ಮಾಡಿದರೂ ಲೆಕ್ಕಕ್ಕೆ ಸೇರುತ್ತದೆ.

ನಡಿಗೆಯೊಂದೇ ಸ್ನಾಯು ಉಳಿಸುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು ಸೇರಲಿ.

ಒಂಬತ್ತನೆಯದು: ಮನಸ್ಸು, ನಿದ್ರೆ, ಮದ್ಯ

ಬೇಸರಕ್ಕೂ ಭಯಕ್ಕೂ ತಿನ್ನುವುದು ಶಸ್ತ್ರಚಿಕಿತ್ಸೆಯಿಂದ ಹೋಗುವುದಿಲ್ಲ, ಲಾಕ್‌ಡೌನ್ ಅದನ್ನು ಹೊರತೆಗೆಯಿತು ಅಷ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಗುಟ್ಟಾಗಿ ತಿನ್ನುವುದು, ತಿಂದು ಅಳುವುದು, ಬೇಕೆಂದೇ ವಾಂತಿ ಮಾಡುವುದು ಇದ್ದರೆ ಆಹಾರ ತಜ್ಞರಿಗಿಂತ ಮೊದಲು ಮನೋವೈದ್ಯರ ಬಳಿ ಹೋಗಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಊರಿನವರ ಕಣ್ಣಿಗೆ ಬೀಳುವ ಅಂಜಿಕೆ ಇರುವುದಿಲ್ಲ. ನಿದ್ರೆ ಆರು ಗಂಟೆಗಿಂತ ಕಡಿಮೆಯಾದ ದಿನ ಹಸಿವು ಹೆಚ್ಚುವುದನ್ನು ನಿಮ್ಮ ಪುಸ್ತಕವೇ ತೋರಿಸೀತು.

ಗೋವಾದ ಮಗ್ಗುಲಿನ ಜಿಲ್ಲೆಯಲ್ಲಿ ಮದ್ಯದ ವಿಷಯ ಬಿಟ್ಟು ಬರೆಯುವುದು ಪ್ರಾಮಾಣಿಕವಾಗದು. ಈ ಶಸ್ತ್ರಚಿಕಿತ್ಸೆಗಳ ನಂತರ, ಬೈಪಾಸ್‌ನಲ್ಲಿ ವಿಶೇಷವಾಗಿ, ಮದ್ಯ ರಕ್ತಕ್ಕೆ ಬಹಳ ಬೇಗ ಸೇರಿ ಹೆಚ್ಚು ಮಟ್ಟಕ್ಕೆ ಏರುತ್ತದೆ. ಮೊದಲು ಎರಡು ಪೆಗ್ಗಿಗೆ ಆಗುತ್ತಿದ್ದದ್ದು ಒಂದಕ್ಕೇ ಆಗುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಅದರ ಕ್ಯಾಲೊರಿ ಆಮೇಲಿನ ಮಾತು. ಫೆನ್ನಿಯಾಗಲಿ ಬಿಯರಾಗಲಿ, ತೂಕ ಮರಳಿದವರು ದೂರವಿಡುವುದೇ ಲೇಸು.

ಹತ್ತನೆಯದು: ದೂರದ ಆಸ್ಪತ್ರೆಗೆ ಸಿದ್ಧರಾಗಿ ಹೋಗಿ

ಮೇಲಿನ ಕ್ರಮಗಳನ್ನು ಎಂಟರಿಂದ ಹನ್ನೆರಡು ವಾರ ನಿಷ್ಠೆಯಿಂದ ಪಾಲಿಸಿದರೆ ಹಲವರಲ್ಲಿ ಏರಿಕೆ ನಿಂತು ಇಳಿಕೆ ಶುರುವಾಗುತ್ತದೆ. ಆಗದಿದ್ದರೆ, ಅಥವಾ ಮೊದಲಿಗಿಂತ ದುಪ್ಪಟ್ಟು ಊಟ ಒಮ್ಮೆಗೇ ಸಲೀಸಾಗಿ ಹಿಡಿಯುತ್ತಿದ್ದರೆ, ಎದೆಯುರಿ ಕಾಡುತ್ತಿದ್ದರೆ, ಜಠರವನ್ನೇ ಪರೀಕ್ಷಿಸಬೇಕು. ಸ್ಲೀವ್ ಹಿಗ್ಗಿರಬಹುದು, ಬೈಪಾಸ್‌ನ ಜೋಡಣೆಯ ಬಾಯಿ ಅಗಲವಾಗಿರಬಹುದು, ಚಿಕ್ಕ ಚೀಲ ಮತ್ತು ಹಳೆಯ ಜಠರದ ನಡುವೆ ದಾರಿ ಬಿದ್ದಿರಬಹುದು. ಎಂಡೋಸ್ಕೋಪಿ ಮತ್ತು ಬಣ್ಣದ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಇದನ್ನು ಹೇಳುತ್ತವೆ.

ಮೊದಲ ಮಾತುಕತೆ ಫೋನಿನಲ್ಲೇ ಆಗಲಿ. ಲಾಕ್‌ಡೌನ್ ಶುರುವಾದ ದಿನವೇ, 2020ರ ಮಾರ್ಚ್ 25ರಂದು, ದೂರವೈದ್ಯಕೀಯ ಸೇವೆಯ ರಾಷ್ಟ್ರೀಯ ಮಾರ್ಗಸೂಚಿ ಪ್ರಕಟವಾಗಿ ಅದಕ್ಕೆ ಅಧಿಕೃತ ಚೌಕಟ್ಟು ಸಿಕ್ಕಿತು. ಸಿಗ್ನಲ್ ಸಿಗದ ಜೋಯಿಡಾ, ಸಿದ್ದಾಪುರದ ಹಳ್ಳಿಗಳವರು ಪೇಟೆಗೆ ಬಂದ ದಿನಕ್ಕೆ ಸಮಯ ಗೊತ್ತು ಮಾಡಿಕೊಳ್ಳಬಹುದು. ಬಿಡುಗಡೆ ಪತ್ರ, ಶಸ್ತ್ರಚಿಕಿತ್ಸೆಯ ವಿವರ, ಮೂರು ತೂಕಗಳ ಹಾಳೆ, ವಾರದ ಪುಸ್ತಕ, ರಕ್ತ ಪರೀಕ್ಷೆ, ಔಷಧಿಗಳ ಪಟ್ಟಿ ಇವುಗಳ ಚಿತ್ರ ಮೊಬೈಲಿನಲ್ಲಿರಲಿ, ನಕಲು ಪ್ರತಿ ಒಂದು ಕಡತದಲ್ಲಿರಲಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯಿಡೀ ದನಿಯೆತ್ತಿದ್ದು ಎಲ್ಲರಿಗೂ ನೆನಪಿದೆ. ದೊಡ್ಡ ಆಸ್ಪತ್ರೆ ದೂರವಿರುವುದರಿಂದ ತುರ್ತಿನಲ್ಲಿ ನಿಮ್ಮನ್ನು ಮೊದಲು ನೋಡುವವರು ಊರಿನ ವೈದ್ಯರು, ಅವರಿಗೆ ನಿಮ್ಮ ಹೊಟ್ಟೆಯೊಳಗೆ ಏನಾಗಿದೆ ಎಂಬುದು ಕಡತದಿಂದ ಮಾತ್ರ ಗೊತ್ತಾಗುತ್ತದೆ. ಬೈಪಾಸ್ ಆದವರಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾದರಿಯ ನೋವುಮಾತ್ರೆ ಜೋಡಣೆಯ ಜಾಗದಲ್ಲಿ ಹುಣ್ಣು ತರಬಲ್ಲದು ಎಂಬುದನ್ನೂ ಆ ಕಡತದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿಡಿ.

ಮೂರು ಸಂದರ್ಭಗಳಲ್ಲಿ ಫೋನು, ಪುಸ್ತಕ ಯಾವುದಕ್ಕೂ ಕಾಯದೆ ಹೊರಡಬೇಕು. ಬೈಪಾಸ್ ಆದವರಿಗೆ ತಟ್ಟನೆ ಶುರುವಾಗಿ ಬಿಡದೆ ಕಾಡುವ ಹೊಟ್ಟೆನೋವು, ಏಕೆಂದರೆ ಒಳಗೆ ಕರುಳು ಸಿಕ್ಕಿಕೊಂಡಿರಬಹುದು. ರಕ್ತವಾಂತಿ ಅಥವಾ ಕಪ್ಪು ಮಲ. ದಿನಗಟ್ಟಲೆ ನಿಲ್ಲದ ವಾಂತಿ, ಅದರಲ್ಲೂ ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಗೊಂದಲ ಕಾಣಿಸಿದರೆ ಬಿ1 ಕೊರತೆಯಿಂದ ಮಿದುಳಿಗೆ ಪೆಟ್ಟಾಗುತ್ತಿರಬಹುದು. ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲೇ ಥಯಾಮಿನ್ (ಅದೇ ಬಿ1) ಕೊಡಬೇಕಾಗುತ್ತದೆ ಎಂದು ಕರೆದೊಯ್ದವರು ನೆನಪಿಸಬೇಕು.

ಔಷಧಿಯ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ತೂಕ ಇಳಿಸಲು 2025ರಿಂದ ಭಾರತದಲ್ಲೂ ಸಿಗುತ್ತಿವೆ, ಶಸ್ತ್ರಚಿಕಿತ್ಸೆಯ ನಂತರ ಮರಳಿದ ತೂಕಕ್ಕೂ ವೈದ್ಯರು ಅವನ್ನು ಬಳಸುತ್ತಾರೆ. ಹಸಿವು ಕಡಿಮೆಯಾಗುವುದು ಅವುಗಳ ಗುಣ, ಚಿಕ್ಕ ಜಠರದವರಿಗೆ ಅದೇ ಅಪಾಯ: ಪ್ರೋಟೀನ್, ನೀರು ಎರಡೂ ತಪ್ಪಿ ವಾಂತಿಯೂ ಸೇರಿದರೆ ಮೇಲೆ ಹೇಳಿದ ಬಿ1 ಕೊರತೆಗೆ ದಾರಿಯಾಗುತ್ತದೆ. ನಿಲ್ಲಿಸಿದರೆ ತೂಕ ಮರಳುವ ಸಾಧ್ಯತೆಯೂ ಹೆಚ್ಚು. ತಜ್ಞರ ನಿಗಾ ಇಲ್ಲದೆ ಔಷಧಿ ಅಂಗಡಿಯಿಂದ ತಂದು ಚುಚ್ಚಿಕೊಳ್ಳಬಾರದು.

ಎರಡನೇ ಶಸ್ತ್ರಚಿಕಿತ್ಸೆ, ಸಾಮಾನ್ಯವಾಗಿ ಸ್ಲೀವ್ ಅನ್ನು ಬೈಪಾಸ್‌ಗೆ ಬದಲಿಸುವುದು, ತೀವ್ರ ಎದೆಯುರಿ ಇರುವವರಿಗೆ ಮತ್ತು ಪರೀಕ್ಷೆಯಲ್ಲಿ ಸ್ಪಷ್ಟ ದೋಷ ಕಂಡವರಿಗೆ ಉಪಯುಕ್ತ. ಮೊದಲನೆಯದಕ್ಕಿಂತ ಇದರಲ್ಲಿ ತೊಡಕು ಹೆಚ್ಚು, ತೂಕ ಇಳಿಯುವುದು ಕಡಿಮೆ. ದಿನಚರಿ ಕೆಟ್ಟು ಬಂದ ತೂಕಕ್ಕೆ ಇದನ್ನೇ ಮೊದಲು ಸೂಚಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಒಪ್ಪಿಗೆಗೆ ಸಹಿ ಹಾಕುವ ಮೊದಲು ವೈದ್ಯರಿಂದ ಇಷ್ಟನ್ನು ಕೇಳಿ ತಿಳಿದುಕೊಳ್ಳಿ: ನನ್ನ ಜಠರದಲ್ಲಿ ಕಂಡ ದೋಷ ಯಾವುದು, ಎಷ್ಟು ಕಿಲೋ ಇಳಿಯುವ ನಿರೀಕ್ಷೆಯಿದೆ, ವಿಟಮಿನ್ ಪ್ರಮಾಣ ಎಷ್ಟು ಹೆಚ್ಚುತ್ತದೆ, ಮತ್ತು ಆನಂತರದ ತಪಾಸಣೆಗಳಲ್ಲಿ ಎಷ್ಟನ್ನು ಕಾರವಾರದಲ್ಲೋ ಶಿರಸಿಯಲ್ಲೋ ಮಾಡಿಸಿ ವರದಿ ಕಳಿಸಬಹುದು.